ಎಷ್ಟು ಹೇಳಿದರೆ ಸತ್ಯ?

ನಮ್ಮ ಲ್ಯಾಬಿನ ಕಪಾಟಿನಲ್ಲಿ ಲಿಥಿಯಂ ಕಾರ್ಬೊನೇಟಿನ ಒಂದು ಬಾಟಲಿ ಇದೆ. ಬಿಳಿ ಪುಡಿ. ನಾಲ್ಕು ವರ್ಷಗಳಿಂದ ಅದನ್ನು ನೋಡುತ್ತಿದ್ದೇನೆ, ಎರಡೋ ಮೂರೋ ಸಲ ತೂಗಿ ಬಳಸಿಯೂ ಇದ್ದೇನೆ. ಈಗ ಐದು ತಿಂಗಳಿಂದ ಅದೇ ಲವಣವನ್ನು ದಿನಾ ರಾತ್ರಿ ಊಟವಾದ ಮೇಲೆ ಮಾತ್ರೆಯಾಗಿ ನುಂಗುತ್ತಿದ್ದೇನೆ. ಬಾಟಲಿಯ ಮೇಲೆ ಹೆಸರು, ತೂಕ, ಶುದ್ಧತೆ, ಎಚ್ಚರಿಕೆ ಎಲ್ಲವನ್ನೂ ಬರೆದಿದ್ದಾರೆ. ನನ್ನ ಮೇಲೆ ಏನೂ ಬರೆದಿಲ್ಲ. ಬರೆದುಕೊಳ್ಳಬೇಕೇ, ಬರೆದುಕೊಂಡರೆ ಎಷ್ಟು, ಯಾರಿಗೆ ಕಾಣುವ ಹಾಗೆ? ಐದು ತಿಂಗಳಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇಷ್ಟೇ.

ನನಗೆ ಬೈಪೋಲಾರ್ ಕಾಯಿಲೆ ಇದೆ ಎಂದು ವೈದ್ಯರು ಹೇಳಿದ್ದು ಫೆಬ್ರವರಿ ಕೊನೆಗೆ. ಮನಸ್ಸು ಕೆಲವು ಕಾಲ ಮಿತಿಮೀರಿ ಏರುತ್ತದೆ, ಕೆಲವು ಕಾಲ ಮಿತಿಮೀರಿ ಇಳಿಯುತ್ತದೆ, ನಡುವೆ ತಿಂಗಳುಗಟ್ಟಲೆ ಎಲ್ಲರ ಹಾಗೆಯೇ ಇರುತ್ತದೆ. ಏರುವುದಕ್ಕೆ ಉನ್ಮಾದ, ಇಳಿಯುವುದಕ್ಕೆ ಖಿನ್ನತೆ ಎನ್ನುತ್ತಾರೆ. ನನ್ನ ಏರಿಕೆ ಡಿಸೆಂಬರ್ ಕೊನೆಯಿಂದ ಮೂರು ವಾರ ಇತ್ತು. ದಿನಕ್ಕೆ ಎರಡು ಮೂರು ತಾಸು ನಿದ್ದೆ, ಆದರೂ ದಣಿವಿಲ್ಲ. ಲಕಮನಹಳ್ಳಿಯ ಬಾಡಿಗೆ ಕೋಣೆಯಿಂದ ಬೆಳಿಗ್ಗೆ ಚಿಗರಿ ಬಸ್ ಶುರುವಾಗುವ ಹೊತ್ತಿಗೆ ಹೊರಟು ರಾತ್ರಿ ಕೊನೆಯ ಬಸ್ಸಿಗೆ ಮರಳುತ್ತಿದ್ದೆ. ಬಂದವಳು ಮತ್ತೆ ಬರೆಯಲು ಕೂಡುತ್ತಿದ್ದೆ. ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿದವರ ಬೈಕುಗಳ ಸದ್ದು ಕೇಳಿದಾಗ ಬೆಳಗಾಯಿತೆಂದು ಗೊತ್ತಾಗುತ್ತಿತ್ತು. ಆ ಮೂರು ವಾರಗಳಲ್ಲಿ ಹನ್ನೊಂದು ಪ್ರಯೋಗ ಮುಗಿಸಿದೆ. ನಮ್ಮ ಗೈಡ್ ಎಲ್ಲರ ಮುಂದೆ, "ಸಂಶೋಧನಾ ಅಂದ್ರ ಹಿಂಗ ಮಾಡಬೇಕು ನೋಡ್ರಿ" ಅಂದರು. ನಾನು ಎಷ್ಟು ಉಬ್ಬಿದೆನೆಂದರೆ ಅವತ್ತು ರಾತ್ರಿ ಮಲಗಲೇ ಇಲ್ಲ.

ಆಮೇಲೆ ಇಳಿತ. ಫೆಬ್ರವರಿಯಲ್ಲಿ ಹಾಸಿಗೆಯಿಂದ ಎದ್ದು ನೀರು ಕುಡಿಯುವುದೂ ಒಂದು ಕೆಲಸವಾಗಿತ್ತು. ಎಂಎಸ್‌ಸಿ ಎರಡನೇ ವರ್ಷದಲ್ಲೂ ಹೀಗೆ ಎರಡು ತಿಂಗಳು ಮಲಗಿದ್ದೆ. ಆಗ ಮನೆಯಲ್ಲಿ ಎಲ್ಲರಿಗೂ "ಕಾಮಾಲಿ ಆಗೇತಿ" ಎಂದು ಹೇಳಿದ್ದೆವು. ಈ ಸಲ ಅಣ್ಣ ಬಂದು ನನ್ನನ್ನು ಕರೆದುಕೊಂಡು ಹೋದ.

ಹೋದದ್ದು ಎಲ್ಲಿಗೆ ಎನ್ನುವುದರಲ್ಲೇ ಅರ್ಧ ಸಮಸ್ಯೆ ಇದೆ. ನಮ್ಮ ಊರು ಬಾಗಲಕೋಟೆ ಜಿಲ್ಲೆಯದು. ಆ ಕಡೆ, ಈ ಕಡೆ ಗದಗ, ವಿಜಯಪುರದವರೆಗೂ, ಯಾರಾದರೂ ವಿಚಿತ್ರವಾಗಿ ನಡೆದುಕೊಂಡರೆ "ಇವನ್ನ ಧಾರವಾಡಕ್ಕ ಕಳಸಬೇಕು" ಅನ್ನುತ್ತಾರೆ. ಊರಿನ ಹೆಸರೇ ಕಾಯಿಲೆಯ ಹೆಸರು. ಪಿಎಚ್‌ಡಿಗೆ ಇಲ್ಲಿ ಸೀಟು ಸಿಕ್ಕಾಗ ಸೋದರಮಾವ, "ಧಾರವಾಡಕ್ಕ ಹೊಂಟೀ? ಓದಾಕೋ, ತೋರಿಸ್ಕೊಳ್ಳಾಕೋ?" ಎಂದು ನಕ್ಕಿದ್ದ. ಬೆಳಗಾವಿ ರಸ್ತೆಯ ಆ ಆಸ್ಪತ್ರೆ 1845ರಲ್ಲಿ ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಯಾಗಿ ಶುರುವಾದದ್ದು. ಇಂದು ಅದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಬಾಯಿಮಾತಿನಲ್ಲಿ ಡಿಮ್ಹಾನ್ಸ್. ಅಣ್ಣ ಆಟೋದವರಿಗೆ "ಡಿಮ್ಹಾನ್ಸ್" ಅಂದಾಗ ಅವರು ಸಹಜವಾಗಿಯೇ, "ಹುಚ್ಚಾಸ್ಪತ್ರಿಗೇನ್ರಿ?" ಅಂದರು. ಅವರ ದನಿಯಲ್ಲಿ ಕೊಂಕು ಇರಲಿಲ್ಲ. ದಾರಿ ಖಚಿತಪಡಿಸಿಕೊಳ್ಳುತ್ತಿದ್ದರು, ಅಷ್ಟೇ.

ಚಿಕಿತ್ಸೆ ಶುರುವಾಯಿತು. 1949ರಲ್ಲಿ ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ ಉನ್ಮಾದದ ರೋಗಿಗಳಿಗೆ ಲಿಥಿಯಂ ಕೊಟ್ಟು ಕಂಡುಕೊಂಡದ್ದರ ಫಲ ನನಗೂ ಸಿಕ್ಕಿತು. ಇದು ಕೆಲಸ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅಂತರ ಕಡಿಮೆ. ಹಾಗಾಗಿ ಆಗಾಗ ರಕ್ತ ಪರೀಕ್ಷೆ ಆಗಬೇಕು, ಕಿಡ್ನಿ ಮತ್ತು ಥೈರಾಯ್ಡ್ ನೋಡಿಸಬೇಕು, ನೀರು ಚೆನ್ನಾಗಿ ಕುಡಿಯಬೇಕು. ನನ್ನ ಕೈ ಸಣ್ಣಗೆ ನಡುಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ನಿದ್ದೆ ಕೆಡಬಾರದು. ಮಾರ್ಚ್ ಕೊನೆಗೆ ನಾನು ಲ್ಯಾಬಿಗೆ ಮರಳಿದೆ. ಅಲ್ಲಿಂದ ನಿಜವಾದ ಪ್ರಶ್ನೆ ಶುರುವಾಯಿತು.

ಅವ್ವನ ಸಲಹೆ ಸ್ಪಷ್ಟವಾಗಿತ್ತು: "ಯಾರರ ಕೇಳಿದ್ರ ಥೈರಾಯ್ಡ್ ಅಂತ ಹೇಳು. ಮದುವಿ ಆಗೂತನಕ ಬಾಯಿ ಬಿಡಬ್ಯಾಡ." ಥೈರಾಯ್ಡ್ ಪರೀಕ್ಷೆಯ ವರದಿ ನನ್ನ ಫೈಲಿನಲ್ಲಿ ಇದ್ದೇ ಇದೆ. ತೋರಿಸಿದರೆ ಯಾರೂ ಅನುಮಾನಿಸುವುದಿಲ್ಲ. ಅವ್ವನನ್ನು ನಾನು ದೂರುವುದಿಲ್ಲ. ಅವಳು ಜಗತ್ತನ್ನು ನನಗಿಂತ ಹೆಚ್ಚು ನೋಡಿದ್ದಾಳೆ.

ಆದರೆ ನನ್ನ ನೋಟ್‌ಬುಕ್ ಸುಮ್ಮನಿರಲಿಲ್ಲ. ಏಪ್ರಿಲ್‌ನಲ್ಲಿ ಆ ಮೂರು ವಾರಗಳ ಪುಟಗಳನ್ನು ಓದಿದೆ. ಅಕ್ಷರಗಳು ದೊಡ್ಡದಾಗುತ್ತಾ, ಓರೆಯಾಗುತ್ತಾ ಹೋಗಿವೆ. ಎರಡು ಕಡೆ ತೂಕ ಬರೆದಿಲ್ಲ, ಇಳುವರಿಯ ಶೇಕಡಾವಾರು ಮಾತ್ರ ಬರೆದಿದೆ. ಒಂದು ಕಡೆ ಉಷ್ಣತೆಯನ್ನು ತಿದ್ದಿದ್ದೇನೆ, ಯಾಕೆಂದು ನನಗೇ ನೆನಪಿಲ್ಲ. ನಾನು ಬೇಕೆಂದು ಸುಳ್ಳು ಬರೆದಿಲ್ಲ. ಆದರೆ ಆ ದಿನಗಳಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು, ಕಾಯಿಲೆಯ ಲಕ್ಷಣವೇ ಅದು. ಆ ಹನ್ನೊಂದು ಪ್ರಯೋಗಗಳು ನಮ್ಮ ಗೈಡ್ ಬರೆಯುತ್ತಿದ್ದ ಪ್ರಬಂಧದ ಒಂದು ಕೋಷ್ಟಕದಲ್ಲಿ ಆಗಲೇ ಸೇರಿಕೊಂಡಿದ್ದವು. ಜೂನ್ ಕೊನೆಗೆ ಅದನ್ನು ನಿಯತಕಾಲಿಕೆಗೆ ಕಳಿಸುವುದಿತ್ತು.

ಹಾಗಾಗಿ ನನ್ನ ಪ್ರಶ್ನೆ, ಹೇಳಿದರೆ ನನಗೇನಾದೀತು ಎಂಬಲ್ಲಿಗೆ ನಿಲ್ಲಲಿಲ್ಲ. ಹೇಳದಿದ್ದರೆ ಬೇರೆಯವರಿಗೆ ಏನಾದೀತು ಎಂಬುದೂ ಸೇರಿಕೊಂಡಿತು. ಆ ಕೋಷ್ಟಕವನ್ನು ನಂಬಿ ಇನ್ನೆಲ್ಲೋ ಒಬ್ಬ ವಿದ್ಯಾರ್ಥಿ ಆರು ತಿಂಗಳು ಕಳೆಯಬಹುದು. ಪಕ್ಕದ ಬೆಂಚಿನವರು ನನ್ನ ನಡುಗುವ ಕೈಯಿಂದ ಒಂದು ಫ್ಲಾಸ್ಕ್ ತೆಗೆದುಕೊಳ್ಳಬಹುದು. ಅವರಿಗೆ ನನ್ನ ಮೇಲೆ ಒಂದು ಹಕ್ಕಿದೆ. ಆದರೆ ಆ ಹಕ್ಕು ಯಾವುದರ ಮೇಲೆ? ನನ್ನ ಕಾಯಿಲೆಯ ಹೆಸರಿನ ಮೇಲೋ, ನನ್ನ ಕೆಲಸದ ಮೇಲೋ?

ನಾವೆಲ್ಲ ಹರಿಶ್ಚಂದ್ರನ ಕತೆ, ಪುಣ್ಯಕೋಟಿಯ ಕತೆ ಕೇಳಿ ಬೆಳೆದವರು. ಸತ್ಯ ಹೇಳದೆ ಇರುವುದೇ ತಪ್ಪು ಎಂಬ ಅಳುಕು ಅಲ್ಲಿಂದ ಬಂದಿರಬೇಕು. ಆದರೆ ಆ ಎರಡೂ ಕತೆಗಳಲ್ಲಿ ಸತ್ಯ ಅಂದರೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು. ತನ್ನ ಒಳಗನ್ನೆಲ್ಲ ತೆರೆದು ತೋರಿಸು ಎಂದು ಹುಲಿಯೂ ಕೇಳಲಿಲ್ಲ, ವಿಶ್ವಾಮಿತ್ರನೂ ಕೇಳಲಿಲ್ಲ. ನನಗೆ ಹತ್ತಿರವಾದದ್ದು ಕರ್ಣನ ಕತೆ. ಅವನಿಗೆ ಈ ಪ್ರಶ್ನೆ ಎರಡು ಸಲ ಎದುರಾಗುತ್ತದೆ. ಮೊದಲನೆಯದು ಹಸ್ತಿನಾವತಿಯ ರಂಗಸ್ಥಳದಲ್ಲಿ. ಅರ್ಜುನನ ಎದುರು ನಿಂತವನಿಗೆ ಕೃಪಾಚಾರ್ಯ ಕುಲ ಕೇಳುತ್ತಾನೆ. ಕರ್ಣ ತಲೆತಗ್ಗಿಸಿ ಸುಮ್ಮನಾಗುತ್ತಾನೆ. ಆ ಮೌನಕ್ಕಾಗಿ ಕರ್ಣನನ್ನು ಇಂದಿಗೂ ಯಾರೂ ಜರೆಯುವುದಿಲ್ಲ. ಕೇಳಿದವರ ಬಗ್ಗೆಯೇ ನಮಗೆ ಬೇಸರ, ಯಾಕೆಂದರೆ ಆ ಪ್ರಶ್ನೆ ತಿಳಿಯಲಿಕ್ಕೆ ಕೇಳಿದ್ದಲ್ಲ, ಬಾಗಿಲು ಹಾಕಲಿಕ್ಕೆ ಕೇಳಿದ್ದು. ಎರಡನೆಯದು ಪರಶುರಾಮನ ಬಳಿ. ಅಲ್ಲಿ ಅವನು ಸುಮ್ಮನಿರುವುದಿಲ್ಲ, ತಾನು ಬ್ರಾಹ್ಮಣನೆಂದು ಹೇಳಿ ವಿದ್ಯೆ ಪಡೆಯುತ್ತಾನೆ. ತೊಡೆಯನ್ನು ಹುಳು ಕೊರೆದರೂ ಗುರುವಿನ ನಿದ್ದೆ ಕೆಡಬಾರದೆಂದು ಅಲುಗಾಡದೆ ಕೂತು, ಅದರಿಂದಲೇ ಸಿಕ್ಕಿಬೀಳುತ್ತಾನೆ. ಬೇಕಾದ ಹೊತ್ತಿಗೆ ಆ ವಿದ್ಯೆ ನೆನಪಿಗೆ ಬರದಿರಲಿ ಎಂಬ ಶಾಪ ಬರುತ್ತದೆ.

ಮೌನ ಒಂದು, ಸುಳ್ಳು ಇನ್ನೊಂದು. "ಥೈರಾಯ್ಡ್" ಅಂದರೆ ನಾನು ಪರಶುರಾಮನ ಎದುರಿನ ಕರ್ಣ. ಒಮ್ಮೆ ಹೇಳಿದರೆ ಅದನ್ನು ದಿನಾ ಕಾಯಬೇಕು. ರಕ್ತ ಪರೀಕ್ಷೆಗೊಂದು ಕತೆ, ನಡುಗುವ ಕೈಗೊಂದು ಕತೆ. ಹುಳು ಕೊರೆಯುವಾಗಲೂ ಅಲುಗಾಡದೆ ಕೂತಿರಬೇಕು. ಎಲ್ಲದರ ನಡುವೆ, ನಿಜವಾಗಿ ನೆರವು ಬೇಕಾದ ದಿನ ಕೇಳುವ ಬಾಯಿಯೇ ಇರುವುದಿಲ್ಲ.

ಇದನ್ನೆಲ್ಲ ತತ್ವಶಾಸ್ತ್ರ ಓದುವ ಗೆಳತಿಯ ಮುಂದೆ ಹೇಳಿದಾಗ ಅವಳು ಕಾಂಟ್‌ನ ಪತ್ರಗಳನ್ನು ಓದಲು ಕೊಟ್ಟಳು. ಸುಳ್ಳಿನ ವಿಷಯದಲ್ಲಿ ಅವನಷ್ಟು ಕಟ್ಟುನಿಟ್ಟಿನವರು ಬೇರಿಲ್ಲ. ಗೆಳೆಯನನ್ನು ಕೊಲ್ಲಲು ಹುಡುಕುತ್ತ ಬಂದವನಿಗೂ ಸುಳ್ಳು ಹೇಳುವಂತಿಲ್ಲ ಎಂದು 1797ರಲ್ಲಿ ವಾದಿಸಿದವನು ಅವನು. 1791ರಲ್ಲಿ ಆಸ್ಟ್ರಿಯದ ಮರಿಯಾ ಫಾನ್ ಹರ್ಬರ್ಟ್ ಎಂಬ ಯುವತಿ ಅವನಿಗೆ ಪತ್ರ ಬರೆದಳು. ಬಹುಕಾಲ ಮುಚ್ಚಿಟ್ಟಿದ್ದ ವಿಷಯವೊಂದನ್ನು ಪ್ರೀತಿಸಿದವನಿಗೆ ಹೇಳಿದ್ದಳು, ಹೇಳಿದ ಮೇಲೆ ಅವನ ಪ್ರೀತಿ ತಣ್ಣಗಾಗಿತ್ತು, ಅವಳಿಗೆ ಬದುಕೇ ಬೇಡವಾಗಿತ್ತು. ಮರುವರ್ಷ ಕಾಂಟ್ ಉತ್ತರಿಸಿದ. ಗೊತ್ತಿದ್ದದ್ದನ್ನೆಲ್ಲ ಹೇಳದೆ ಕಾಯ್ದಿರಿಸುವುದು ಬೇರೆ, ಸುಳ್ಳು ಹೇಳುವುದು ಬೇರೆ, ಮೊದಲನೆಯದು ಮನುಷ್ಯರ ಮಿತಿ, ಎರಡನೆಯದು ತಪ್ಪು ಎಂಬ ವಿವೇಚನೆ ಆ ಪತ್ರದಲ್ಲಿದೆ. ಇಷ್ಟು ಓದಿ ನನಗೆ ಸಮಾಧಾನವಾಯಿತು.

ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. 1793ರಲ್ಲಿ ಕಾಂಟ್ ಮರಿಯಾಳ ಪತ್ರಗಳನ್ನು ತನ್ನ ವ್ಯಾಪಾರಿ ಮಿತ್ರನ ಮಗಳಿಗೆ ಕಳಿಸಿಕೊಟ್ಟ. ಮನಸ್ಸಿನ ಹಿಡಿತ ತಪ್ಪಿದರೆ ಹೆಣ್ಣುಮಕ್ಕಳ ಗತಿ ಏನಾಗುತ್ತದೆ ನೋಡು ಎಂಬ ಎಚ್ಚರಿಕೆಯ ಉದಾಹರಣೆಯಾಗಿ. ಒಬ್ಬಳು ನಂಬಿ ಹೇಳಿದ್ದು ಇನ್ನೊಬ್ಬಳಿಗೆ ಪಾಠವಾಯಿತು. ಹೇಳುವವರ ಕರ್ತವ್ಯವನ್ನು ಅಷ್ಟು ಸೂಕ್ಷ್ಮವಾಗಿ ತೂಗಿದವನು ಕೇಳಿಸಿಕೊಂಡವನ ಕರ್ತವ್ಯವನ್ನು ತೂಗಲೇ ಇಲ್ಲ. ನಮ್ಮ ನಡುವೆಯೂ ಹೀಗೆಯೇ. ಹೇಳಬೇಕೋ ಬೇಡವೋ ಎಂಬ ಭಾರವನ್ನೆಲ್ಲ ಕಾಯಿಲೆ ಇರುವವರ ತಲೆಯ ಮೇಲೆ ಇಡುತ್ತೇವೆ. ಕೇಳಿಸಿಕೊಂಡವರು ಅದನ್ನು ಏನು ಮಾಡಬೇಕು ಎಂಬುದರ ಬಗ್ಗೆ ಮಾತೇ ಇಲ್ಲ.

ಕಾನೂನು ಈ ವಿಷಯದಲ್ಲಿ ಸ್ವಲ್ಪ ಮುಂದೆ ಹೋಗಿದೆ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ಚಿಕಿತ್ಸೆ ಕೊಡುವವರು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ರೋಗಿಯ ವಿಷಯವನ್ನು ಗೋಪ್ಯವಾಗಿಡಬೇಕು. ಕಾಯಿಲೆ ಇದೆ ಎಂದಮಾತ್ರಕ್ಕೆ, ನ್ಯಾಯಾಲಯ ಹಾಗೆಂದು ಘೋಷಿಸದ ಹೊರತು, ಆ ವ್ಯಕ್ತಿಯ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ತಿಳಿಯುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತನ್ನ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯನ್ನೂ ಸೇರಿಸಿದೆ. ಸರ್ಕಾರಿ ಸಂಸ್ಥೆಗಳು ಅಂಥ ನೌಕರರಿಗೆ ಸಮಂಜಸ ಹೊಂದಾಣಿಕೆ ಮಾಡಿಕೊಡಬೇಕು ಎನ್ನುತ್ತದೆ. ಬೈಪೋಲಾರ್ ಇದ್ದ ಅಭ್ಯರ್ಥಿಯೊಬ್ಬರು ದೆಹಲಿಯ ನ್ಯಾಯಾಂಗ ಸೇವೆಯಲ್ಲಿ ಮೀಸಲಾತಿ ಕೇಳಿದಾಗ, ಇದು ಶಾಶ್ವತ ವೈಕಲ್ಯವಲ್ಲ ಎಂದು ನಿರಾಕರಿಸಲಾಗಿತ್ತು. 2020ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಅಭ್ಯರ್ಥಿಯ ಪರವಾಗಿ ತೀರ್ಪು ಕೊಟ್ಟಿತು. 2021ರ ಡಿಸೆಂಬರ್‌ನಲ್ಲಿ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾನಸಿಕ ಕಾಯಿಲೆ ಇರುವ ನೌಕರರು ಶಿಸ್ತು ಕ್ರಮಕ್ಕೆ ಗುರಿಯಾಗುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಅದನ್ನು ಲೆಕ್ಕಿಸದೆ ವಿಚಾರಣೆ ನಡೆಸುವುದು ತಾರತಮ್ಯ ಎಂದು ಹೇಳಿತು.

ಇವೆಲ್ಲ ದೊಡ್ಡ ಮಾತುಗಳೇ. ಆದರೆ ಕಾನೂನಿನ ನೆರಳು ಬೇಕೆಂದರೆ ಮೊದಲು ಹೆಸರು ಹೇಳಬೇಕು, ಪ್ರಮಾಣಪತ್ರ ತರಬೇಕು. ಸುಮ್ಮನಿದ್ದವರಿಗೆ ಅದು ಸಿಗುವುದಿಲ್ಲ. ಇನ್ನು ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳು ನೌಕರರೂ ಅಲ್ಲ, ತರಗತಿಯ ವಿದ್ಯಾರ್ಥಿಗಳೂ ಅಲ್ಲ. ನಮ್ಮ ಫೆಲೋಶಿಪ್‌ನ ಬಿಲ್ಲಿಗೆ, ಪ್ರಗತಿ ವರದಿಗೆ, ನಾಳೆಯ ಶಿಫಾರಸು ಪತ್ರಕ್ಕೆ ಒಬ್ಬರೇ ಸಹಿ ಹಾಕುವವರು. ಅವರು ಒಳ್ಳೆಯವರೇ ಇರಬಹುದು. ಆದರೆ ಒಳ್ಳೆಯತನವನ್ನು ನಂಬಿ ಹೇಳುವುದು ಬೇರೆ, ಹಕ್ಕನ್ನು ನಂಬಿ ಹೇಳುವುದು ಬೇರೆ.

"ಎಲ್ಲರೂ ಹೇಳಿದರೆ ತಾನೇ ಈ ಕಳಂಕ ಹೋಗುವುದು?" ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಬೈಪೋಲಾರ್ ಇರುವ ನೂರು ಜನರಲ್ಲಿ ಸುಮಾರು 70 ಮಂದಿ ಚಿಕಿತ್ಸೆಯ ಹೊರಗೇ ಇದ್ದರು. ಎಂಎಸ್‌ಸಿಯಲ್ಲಿ ನಾನು "ಕಾಮಾಲಿ"ಯಿಂದ ಮಲಗಿದ್ದಾಗ, ಯಾರಾದರೂ ಒಬ್ಬರು ನನ್ನ ಮುಂದೆ ತಮ್ಮ ಕಾಯಿಲೆಯ ಹೆಸರು ಹೇಳಿದ್ದರೆ, ನಾನು ಆಗಲೇ ವೈದ್ಯರ ಹತ್ತಿರ ಹೋಗುತ್ತಿದ್ದೆನೋ ಏನೋ. ಆದರೆ ಧೈರ್ಯವಾಗಿ ಹೇಳಿದವರು ಯಾರೆಂದು ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ತನ್ನ ಬೈಪೋಲಾರ್ ಬಗ್ಗೆ 1995ರಲ್ಲಿ ಪುಸ್ತಕ ಬರೆದ ಕೇ ಜೇಮಿಸನ್ ಆ ಹೊತ್ತಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮನೋವೈದ್ಯಶಾಸ್ತ್ರ ವಿಭಾಗದಲ್ಲಿ ಪ್ರೊಫೆಸರ್. ನಮ್ಮ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2015ರಲ್ಲಿ ಖಿನ್ನತೆಯ ಬಗ್ಗೆ ಮಾತಾಡಿದಾಗ ಆಗಲೇ ದೊಡ್ಡ ತಾರೆ. ಅವರಿಬ್ಬರಿಗೂ ಅಳುಕು ಇದ್ದೇ ಇತ್ತು, ಅವರಿಂದ ನನಗೆ ಉಪಕಾರವೂ ಆಗಿದೆ. ಆದರೆ ಕಾಲ ಕೆಳಗೆ ನೆಲ ಸಿಕ್ಕ ಮೇಲೆ ಹೇಳುವುದಕ್ಕೂ ನೆಲ ಹುಡುಕುತ್ತಿರುವಾಗ ಹೇಳುವುದಕ್ಕೂ ವ್ಯತ್ಯಾಸವಿದೆ. ನನ್ನ ಪಕ್ಕದ ಕೋಣೆಯಲ್ಲಿರುವ ಹುಡುಗ ಗುತ್ತಿಗೆಯ ಮೇಲೆ ಕಾರ್ಖಾನೆಗೆ ಹೋಗುತ್ತಾನೆ. ಮಾತ್ರೆಯ ಕಾರಣಕ್ಕೆ ರಾತ್ರಿ ಪಾಳಿ ಆಗುವುದಿಲ್ಲ ಎಂದು ಅವನು ಹೇಳಿದರೆ ಮರುದಿನ ಅವನ ಜಾಗದಲ್ಲಿ ಇನ್ನೊಬ್ಬ ಇರುತ್ತಾನೆ. ಎಲ್ಲರೂ ಹೇಳಬೇಕು ಎಂದು ಅವನಿಗೆ ಉಪದೇಶಿಸುವ ಹಕ್ಕು ಯಾರಿಗೂ ಇಲ್ಲ. ಹೇಳುವುದು ಒಳ್ಳೆಯದಿರಬಹುದು, ಆದರೆ ಅದನ್ನು ಸಾಲದ ಹಾಗೆ ವಸೂಲಿ ಮಾಡಲು ಬರುವುದಿಲ್ಲ.

ಕಡೆಗೆ ನಾನು ವಿಂಗಡಿಸಿಕೊಂಡದ್ದು ಹೀಗೆ. ನನ್ನ ಕೆಲಸದ ಬಗ್ಗೆ, ಅದರಿಂದ ಬೇರೆಯವರಿಗೆ ತಟ್ಟಬಹುದಾದದ್ದರ ಬಗ್ಗೆ ಪೂರ್ತಿ ಸತ್ಯ ಹೇಳಬೇಕು. ಅದು ಋಣ. ಕಾಯಿಲೆಯ ಹೆಸರು ನನ್ನದು. ಅದನ್ನು ಇಟ್ಟುಕೊಳ್ಳಬಲ್ಲವರಿಗೆ, ನನಗೆ ಬೇಕೆನಿಸಿದಾಗ ಕೊಡಬಹುದು. ಯಾರಿಗೂ ಸುಳ್ಳು ಹೇಳಬಾರದು.

ಜೂನ್ ಎರಡನೇ ವಾರ ಗೈಡ್ ಕೋಣೆಗೆ ಹೋದೆ. "ಸರ, ಡಿಸೆಂಬರ್ ಜನವರಿಯೊಳಗ ಮಾಡಿದ ಹನ್ನೊಂದೂ ಪ್ರಯೋಗ ಮತ್ತ ಮಾಡಬೇಕ್ರಿ. ಆ ಡೇಟಾ ಮ್ಯಾಲೆ ನನಗ ಭರವಸೆ ಇಲ್ಲ."

"ಯಾಕವಾ? ಎಲ್ಲಾ ಚಲೋ ಬಂದಿದ್ವಲ್ಲ?"

"ಆವಾಗ ನನಗ ಆರಾಮ ಇರಲಿಲ್ರಿ. ನನಗ ಅದು ತಿಳಿದಿರಲಿಲ್ಲ. ಈಗ ಔಷಧ ನಡದೈತಿ. ಆರೂವರಿಗೆ ಲ್ಯಾಬ್ ಬಿಡಬೇಕಾಗತೈತಿ. ಕೈ ಸ್ವಲ್ಪ ನಡಗತಾವ, ಸಣ್ಣ ತೂಕದ ಕೆಲಸ ಸದ್ಯಕ್ಕ ಬ್ಯಾರೆಯವರು ಮಾಡಿದ್ರ ಚಲೋ."

"ಏನ್ ಕಾಯಿಲೆ?"

"ಅದನ್ನ ಹೇಳಾಕ ನನಗ ಇನ್ನೂ ಸ್ವಲ್ಪ ಟೈಮ್ ಬೇಕ್ರಿ ಸರ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಖುಷಿಯಾಗಲಿಲ್ಲ. ಪ್ರಬಂಧ ಮೂರು ತಿಂಗಳು ಮುಂದೆ ಹೋಗುವುದರ ಲೆಕ್ಕ ಅವರ ಮುಖದಲ್ಲಿ ಕಾಣುತ್ತಿತ್ತು. "ಹಂಗಾದ್ರ ಮತ್ತ ಮಾಡ್ರಿ" ಎಂದಷ್ಟೇ ಹೇಳಿದರು. ಇಲ್ಲಿಯವರೆಗೆ ಏಳನ್ನು ಮತ್ತೆ ಮಾಡಿದ್ದೇವೆ. ಐದು ಹಾಗೆಯೇ ಬಂದಿವೆ. ಎರಡರಲ್ಲಿ ಇಳುವರಿ ಮೊದಲು ಬರೆದದ್ದಕ್ಕಿಂತ ಬಹಳ ಕಡಿಮೆ. ಆ ಎರಡು ಸಂಖ್ಯೆಗಳನ್ನು ಕಂಡಾಗ, ಸುಮ್ಮನಿದ್ದರೆ ಏನಾಗುತ್ತಿತ್ತು ಎಂದು ನೆನೆದು ಮೈ ತಣ್ಣಗಾಯಿತು.

ಹೆಸರನ್ನು ಲ್ಯಾಬಿನಲ್ಲಿ ಒಬ್ಬಳಿಗೆ ಮಾತ್ರ ಹೇಳಿದೆ, ಪಕ್ಕದ ಬೆಂಚಿನವಳಿಗೆ. ಏರಿಕೆ ಶುರುವಾದಾಗ ಅದು ನನಗೇ ಮೊದಲು ಗೊತ್ತಾಗುವುದಿಲ್ಲ, ಆದ್ದರಿಂದ ಹೊರಗಿನಿಂದ ನೋಡುವ ಕಣ್ಣು ಒಂದು ಬೇಕು. ನಾನು ಅತಿ ವೇಗವಾಗಿ ಮಾತಾಡಿದರೆ, ರಾತ್ರಿ ಮೂರಕ್ಕೆ ಮೆಸೇಜು ಕಳಿಸಿದರೆ ಮೊದಲು ನನಗೆ ಹೇಳು, ನಾನು ಕೇಳದಿದ್ದರೆ ಅಣ್ಣನಿಗೆ ಫೋನ್ ಮಾಡು ಎಂದು ನಂಬರ್ ಕೊಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಡಿಸೆಂಬರಿನ್ಯಾಗ ನನಗ ಏನೋ ಅನಸಿತ್ತು. ಹೆಂಗ ಕೇಳಬೇಕು ತಿಳೀಲಿಲ್ಲ" ಅಂದಳು. ಹೇಳಲು ಭಾಷೆ ಇಲ್ಲದ್ದು ನನ್ನೊಬ್ಬಳ ಕಷ್ಟ ಅಂದುಕೊಂಡಿದ್ದೆ. ಕೇಳುವವರಿಗೂ ಅದೇ ಕಷ್ಟ.

ಈ ಲೇಖನ ನನ್ನ ನಿಜ ಹೆಸರಿನಲ್ಲಿ ಬರುತ್ತಿಲ್ಲ. ಇದನ್ನು ಹೇಡಿತನ ಎನ್ನುವವರು ಅನ್ನಬಹುದು, ಕೆಲವು ದಿನ ನನಗೂ ಹಾಗೇ ಅನಿಸುತ್ತದೆ. ಆದರೆ ಇದರಲ್ಲಿ ಸುಳ್ಳಿಲ್ಲ. ಎಷ್ಟು ಹೇಳಲು ಸಾಧ್ಯವೋ ಅಷ್ಟು ಹೇಳಿದ್ದೇನೆ. ಇಟ್ಟುಕೊಂಡದ್ದನ್ನು ಇಟ್ಟುಕೊಂಡಿದ್ದೇನೆ ಎಂದೂ ಹೇಳಿದ್ದೇನೆ.

ಮೊನ್ನೆ ಸಂಜೆ ಜಿಟಿಜಿಟಿ ಮಳೆ. ಒಂದು ಪ್ರಯೋಗ ಮುಗಿಯುವ ಹಂತದಲ್ಲಿತ್ತು, ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಗೈಡ್ ಬಾಗಿಲಲ್ಲಿ ನಿಂತು, "ಆರೂವರಿ ಆತು. ಹೊಂಡೂದಿಲ್ಲೇನು? ಅದನ್ನ ಅವಳು ನೋಡ್ಕೋತಾಳ ತಗೋ" ಅಂದರು. ಏನು ಕಾಯಿಲೆ ಎಂದು ಅವರು ಮತ್ತೆ ಕೇಳಿಲ್ಲ. ನಾನು ಏಪ್ರನ್ ಬಿಚ್ಚಿಟ್ಟು, ಕೊಡೆ ಹಿಡಿದು ಬಸ್ ಸ್ಟಾಪಿಗೆ ನಡೆದೆ. ಅವರಿಗೆ ಹೆಸರು ಹೇಳುವ ದಿನ ಬಂದರೆ, ಆ ಮಾತಿನ ಕಾರಣಕ್ಕೇ ಬಂದೀತು.